ನೀರು ತೋರಿಸುವವನ ಕಾರ್ಡು

ಭೂಮಿಯ ಹೊಟ್ಟೆಯಲ್ಲಿ ಮುನ್ನೂರು ಅಡಿ ಕೆಳಗೆ ಏನಿದೆ ಎಂದು ನನ್ನ ತಮ್ಮ ಹೇಳಬಲ್ಲ. ತನ್ನ ಚಪ್ಪಲಿಯನ್ನು ಯಾವ ಮದುವೆಮನೆಯಲ್ಲಿ ಬಿಟ್ಟು ಬಂದೆ ಎಂದು ಮಾತ್ರ ಹೇಳಲಾರ! ಬೋರ್‌ವೆಲ್ ಕೊರೆಸುವವರಿಗೆ ಪಾಯಿಂಟ್ ತೋರಿಸುವುದು ಅವನ ಕಸುಬು. ಜುಟ್ಟು ಬಿಟ್ಟ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು, ಹಸೆಗೆ ಹೊರಟ ಮದುಮಗನ ಹಾಗೆ ಮೆಲ್ಲಗೆ ಹೊಲದ ತುಂಬಾ ನಡೆಯುತ್ತಾನೆ. ಕಾಯಿ ಎಲ್ಲಿ ತಾನಾಗಿ ಎದ್ದು ನಿಲ್ಲುತ್ತದೋ ಅಲ್ಲಿ ನೀರು. ನನ್ನನ್ನು ಕೇಳಿದರೆ, ಅಷ್ಟು ಹೊತ್ತು ಹೊತ್ತುಕೊಂಡು ತಿರುಗಿದರೆ ಯಾರ ಕೈಯಾದರೂ ನಡುಗದೆ ಇದ್ದೀತೇ?

ಈಗ ನೀರು ಹುಡುಕಲು ಮಿಷನ್ ಬಂದಿವೆ. ಪ್ಯಾಂಟಿನವರು ಬಂದು ನೆಲಕ್ಕೆ ವೈರು ಚುಚ್ಚಿ ಹೋಗುತ್ತಾರೆ. ತಮ್ಮನನ್ನು ಕರೆಯುವವರು ಕಡಿಮೆಯಾದರು, ಆಮೇಲೆ ಇಲ್ಲವೇ ಆದರು. ಬೇರೆಯವನಾಗಿದ್ದರೆ ತನ್ನ ತೋಟ ನೋಡಿಕೊಂಡು ಸುಮ್ಮನಿರುತ್ತಿದ್ದ. ಇವನು?

"ನಾನು ಇರೋದೇ ಜನಕ್ಕೆ ಮರ್ತೋಗೈತೆ ಕಣಕ್ಕ. ಒಂದು ಕಾರ್ಡ್ ಮಾಡಿಸ್ಬೇಕು" ಅಂದ.

ನನ್ನ ಓದು ಅಷ್ಟಕ್ಕಷ್ಟೆ. ಬೋರ್ಡಿನ ಅಕ್ಷರ ಕೂಡಿಸುವಷ್ಟರಲ್ಲಿ ಬಸ್ಸೇ ಹೊರಟುಹೋಗಿರುತ್ತದೆ. ಆದರೂ ತಿಪಟೂರಿನ ಪ್ರೆಸ್ಸಿಗೆ ನನ್ನನ್ನೇ ಎಳೆದುಕೊಂಡು ಹೋದ. ಪ್ರೆಸ್ಸಿನ ಸಾಬರು ಬಹಳ ತಾಳ್ಮೆಯವರು. ಆ ದಿನದ ತನಕ ಆಗಿದ್ದರು ಅನ್ನಬೇಕು.

"ಏನೇನ್ ಹಾಕ್ಬೇಕು ಅಣ್ಣಾ?" ಎಂದು ಕೇಳಿದರು.

"ಮೇಲೆ ಗಂಗಮ್ಮ. ಪಕ್ಕದಾಗೆ ನನ್ ಫೋಟೋ. ನಮ್ಮಪ್ಪ, ನಮ್ ತಾತ ಇಬ್ರೂ ನೀರು ತೋರಿಸ್ತಿದ್ರು, ಅವರ ಹೆಸ್ರು. ನಾನು ಪಾಯಿಂಟ್ ಮಾಡಿರೋ ತೋಟದೋರ ಹೆಸ್ರು..."

"ಅರೆ ಅಣ್ಣಾ, ಇದು ಕಾರ್ಡು. ಬಸ್‌ಸ್ಟ್ಯಾಂಡ್ ಗೋಡೆ ಅಲ್ಲ!"

"ಹಿಂದ್ಗಡೆ ಖಾಲಿ ಐತಲ್ಲ?"

ಸಾಬರು ನನ್ನ ಕಡೆ ಕೈ ತೋರಿಸಿದರು. "ಈ ಅಮ್ಮ ಕನ್ನಡಕ ಇಲ್ದೆ ಓದ್ಬೇಕು. ಆವಾಗ್ಲೇ ಅದು ಕಾರ್ಡು. ಹೆಸ್ರು, ಕೆಲ್ಸ, ಫೋನು. ಮಿಕ್ಕಿದ್ದು ಬಾಯಲ್ಲಿ ಹೇಳ್ಕೋ."

ಎಂಥ ಒಳ್ಳೆಯ ಮಾತು! ತಮ್ಮನೂ ಒಪ್ಪಿದ. ತಾತ ಹೋದರು, ಅಪ್ಪ ಹೋದರು, ಗಂಗಮ್ಮನೂ ಹೋದಳು. ಕೆಲಸ ಏನೆಂದು ಬರೆಯುವ ಜಾಗಕ್ಕೆ ಬಂದಾಗ ಮಾತ್ರ ಹಟ ಹಿಡಿದ. "ಬರೆಯೋದ್ಯಾಕೆ? ನಮ್ ಜನ ಓದಲ್ಲ, ನೋಡ್ತಾರೆ. ಅಂಗೈ ಮ್ಯಾಲೆ ಒಂದು ತೆಂಗಿನಕಾಯಿ ಹಾಕ್ಬುಡಿ, ಸಾಕು."

ತಿಪಟೂರಿನಲ್ಲಿ, ಕಾರ್ಡಿನ ಮೇಲೆ ತೆಂಗಿನಕಾಯಿ! ಕೊಬ್ಬರಿ ಮಂಡಿಯವನ ಕಾರ್ಡಿನಲ್ಲೂ ಅದೇ, ಲಾರಿಯವನ ಕಾರ್ಡಿನಲ್ಲೂ ಅದೇ, ಹಲ್ಲಿನ ಡಾಕ್ಟರ ಕ್ಯಾಲೆಂಡರಿನಲ್ಲೂ ಅದೇ. ನೋಡಿದವರಿಗೆ ನೀರು ಹೇಗೆ ನೆನಪಾಗಬೇಕು?

"ಲೇ, ಒಂದು ಬೋರ್ ಚಿತ್ರನಾದ್ರೂ ಹಾಕ್ಸೋ" ಎಂದೆ.

"ಬೋರ್ ಹಾಕ್ಸಿದ್ರೆ ಕೊರೆಯೋ ಲಾರಿಯೋನು ಅಂದ್ಕೊಂತಾರೆ. ನಿಂಗ್ ಗೊತ್ತಾಗಲ್ಲ, ಸುಮ್ಕಿರಕ್ಕ!"

ಹೆಸರು, ಕಾಯಿ, ಫೋನು, ಇಷ್ಟೇ ಇದ್ದ ಕಾರ್ಡು ಅಚ್ಚಾಗಿ ಬಂತು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ ಹತ್ತಿದವರಿಗೆಲ್ಲ, ಇಳಿದವರಿಗೆಲ್ಲ ಹಂಚಿದ. ತಿಥಿಯೂಟಕ್ಕೆ ಕೂತವರ ಎಲೆಯ ಪಕ್ಕದಲ್ಲೂ ಒಂದೊಂದು ಇಟ್ಟ. ಒಬ್ಬ ಮುದುಕ ಅದರ ಮೂಲೆಯಿಂದ ಹಲ್ಲು ಚುಚ್ಚಿಕೊಂಡ. ಆ ಕಾರ್ಡಿನಿಂದ ಆದ ಉಪಯೋಗ ಅದೊಂದೇ!

ಫೋನೇನೋ ಬಂತು. ನಾನು ಅವನ ಮನೆಯಲ್ಲಿ ಕೂತಿದ್ದಾಗಲೇ ಬಂತು. ನನಗೂ ಕೇಳಲಿ ಅಂತ ಸ್ಪೀಕರ್ ಹಾಕಿದ.

"ಹಲೋ, ಕಾಯಿ ಎಷ್ಟೈತೆ ಯಜಮಾನ್ರೇ?"

"ಕಾಯಿ ಒಂದೇ ಐತೆ."

"ಒಂದು ಲೋಡಾ?"

"ಒಂದು ಕಾಯಿ ಕಣ್ರೀ! ಮಾರಕ್ಕಲ್ಲ!"

"ಮಾರಕ್ಕಲ್ದಿದ್ ಮ್ಯಾಲೆ ಕಾರ್ಡ್ ಯಾಕ್ಲಾ ಹಂಚ್ದೆ?"

ಬಂದ ಫೋನೆಲ್ಲ ಹೀಗೇ. ಕೊಬ್ಬರಿ ರೇಟು ಕೇಳಿದರು, ಚಿಪ್ಪು ಕೇಳಿದರು, ಒಬ್ಬಳು ಒಲೆಗೆ ಮಟ್ಟೆ ಕೇಳಿದಳು. ನೀರು ಯಾರೂ ಕೇಳಲಿಲ್ಲ.

"ಈ ಸೀಮೇಲಿ ಹುಟ್ಟಿ, ಕಾಯಿ ನೋಡಿದ್ರೆ ನೀರು ಅಂದ್ಕೊಂತಾರೆ ಅನ್ನೋನು ನೀನೊಬ್ನೇ ಕಣ್ಲಾ!" ಎಂದು ಬೈದೆ. ಅವನು ಮಿಕ್ಕ ಕಾರ್ಡುಗಳನ್ನು ಜೋಡಿಸಿ ರಬ್ಬರ್ ಹಾಕಿಟ್ಟ. ಅದೇ ನನಗೆ ಸರಿ ಕಾಣಲಿಲ್ಲ. ಫೋನು ಸದ್ದಾದರೆ ಈಗಲೂ ಶರ್ಟಿನ ಗುಂಡಿ ಹಾಕಿಕೊಂಡೇ ಎತ್ತುತ್ತಾನೆ ಎಂದು ಅವನ ಹೆಂಡತಿ ಹೇಳಿದಳು.

ಅವನ ಕಾಯಿಯ ಮೇಲೆ ನನಗೆ ನಂಬಿಕೆಯಿಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಮೊನ್ನೆ ನಮ್ಮ ತೋಟದ ಬೋರು ಕೆಮ್ಮತೊಡಗಿ, ಮಗ ಮಿಷನ್‌ನವರನ್ನು ಕರೆಸುತ್ತೇನೆಂದಾಗ "ಸ್ವಲ್ಪ ತಡಿಯಪ್ಪ" ಎಂದೆ. ಪಕ್ಕದ ಮನೆಯವಳ ಫೋನು ತೆಗೆದುಕೊಂಡು, ಬಾಯಿಗೆ ಸೆರಗು ಅಡ್ಡ ಹಿಡಿದು, ದನಿ ಬದಲಾಯಿಸಿ, ತಮ್ಮನಿಗೆ ಫೋನು ಮಾಡಿದೆ.

"ನಮಸ್ಕಾರ ಕಣ್ರೀ. ನಿಮ್ ಕಾರ್ಡ್ ಸಿಕ್ತು. ನೀರು ತೋರಿಸೋರು ನೀವೇ ಅಲ್ವಾ?"



"ನೀರಿಂದು ಅಂತ ಕಾರ್ಡ್ ನೋಡಿ ಗೊತ್ತಾಯ್ತೇನಮ್ಮ?"

"ಗೊತ್ತಾಗ್ದೆ ಏನು? ನಾನೇನ್ ಕುಲ್ಡಿನಾ?"

"ಆಗ್ಲಿ. ನಾಳೆ ಬೆಳಿಗ್ಗೆ ಬತ್ತೀನಿ" ಎಂದ. "ನಿಮ್ಮನೆ ನಾಯಿ ಕಟ್ಟಾಕಿರಿ ಕಣಮ್ಮ. ಹೋದ್ಸಲ ನನ್ ಪಂಚೆ ಹರ್ದಾಕೈತೆ."

ಯಾವ ಊರು ಎಂದು ಅವನು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಬೆಳಗಾಗುತ್ತಲೇ ಎದ್ದು ಹೋಗಿ ನಾಯಿ ಕಟ್ಟಿದೆ.