ನುಸಿ ತೆಗೆಸಿದ ಫೋಟೋ

ಭೀಮಶಂಕರ ಮಾಡಿದ ತಪ್ಪು ಒಂದೇ. ಫೋಟೋ ತೆಗೆಯುವ ಜಾಗ ನೋಡಿಬರಲು ಅವನು ಕೃಷ್ಣಾ ಹೊಳೆಯ ದಂಡೆಗೆ ಮಟಮಟ ಮಧ್ಯಾಹ್ನ ಹೋಗಿದ್ದ.

ಆ ಹೊತ್ತಿಗೆ ಅಲ್ಲಿ ಹೊಳೆ ಇತ್ತು, ಬಂಡೆಗಳಿದ್ದವು, ಜಾಲಿ ಗಿಡಗಳಿದ್ದವು, ದೂರದಲ್ಲೊಂದು ಕುರಿ ಹಿಂಡೂ ಇತ್ತು. ನುಸಿ ಮಾತ್ರ ಒಂದೂ ಇರಲಿಲ್ಲ. ಬಿಸಿಲು ಇರುವ ತನಕ ಅವು ಕೆಸರಿನ ಪಕ್ಕದ ಹುಲ್ಲಿನಲ್ಲಿ ಮಲಗಿರುತ್ತವೆ, ಹೊತ್ತು ಇಳಿದ ಮೇಲೆ ಕುಟುಂಬ ಸಮೇತ ಊಟಕ್ಕೆ ಹೊರಡುತ್ತವೆ ಎಂಬುದು ಮಕ್ತಲ್ ಬಸ್‌ಸ್ಟ್ಯಾಂಡಿನ ಎದುರು ಸ್ಟುಡಿಯೋ ಇಟ್ಟವನಿಗೆ ಹೇಗೆ ಗೊತ್ತಾಗಬೇಕು? ಅವನು ಬಂಡೆಯ ಮೇಲೆ ನಿಂತು ಎರಡೂ ಕೈಯಿಂದ ಚೌಕಟ್ಟು ಮಾಡಿ ಹೊಳೆಯನ್ನು ನೋಡಿದ. 'ಸಂಜೀ ಐದೂವರಿಗಿ ಇಲ್ಲಿ ಬಂಗಾರ ಸುರಿತೈತಿ' ಎಂದುಕೊಂಡು ವಾಪಸಾದ.

ಹದಿನಾರು ವರ್ಷದಿಂದ ಭೀಮಶಂಕರ ತೆಗೆದದ್ದೆಲ್ಲ ಪಾಸ್‌ಪೋರ್ಟ್ ಸೈಜಿನ ಫೋಟೋ. "ಗದ್ದ ಮ್ಯಾಲ ಮಾಡ್ರಿ", "ಕಿವಿ ಕಾಣಬೇಕ್ರಿ", "ನಗಬ್ಯಾಡ್ರಿ" ಎಂಬ ಮೂರೇ ಮಾತಿನಲ್ಲಿ ಅವನ ವ್ಯಾಪಾರ ಮುಗಿಯುತ್ತಿತ್ತು. ಕೆಲವು ಸಲ ಮನೆಯಲ್ಲಿ ಹೆಂಡತಿ ಪ್ರಶಾಂತಿ ನಕ್ಕರೂ ಬಾಯಿತಪ್ಪಿ "ನಗಬ್ಯಾಡ್ರಿ" ಎಂದುಬಿಟ್ಟು ಬೈಸಿಕೊಳ್ಳುತ್ತಿದ್ದ. ಅಂಥವನಿಗೆ ಈಗ ಹೊರಾಂಗಣದ ಕೆಲಸವೊಂದು ಸಿಕ್ಕಿತ್ತು. ನಾರಾಯಣಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ರಜಿತಾಳ ಮದುವೆ ಗದ್ವಾಲದ ಕಲ್ಯಾಣನ ಜೊತೆ ಗೊತ್ತಾಗಿತ್ತು. ಹುಡುಗ ಹತ್ತಿಬೀಜದ ಕಂಪನಿಯಲ್ಲಿ ಸೂಪರ್‌ವೈಸರ್. ಮದುವೆಯ ಫೋಟೋಕ್ಕೆ ಹೈದರಾಬಾದಿನ ತಂಡವೇ ಬರಬೇಕೆಂದು ಅವನ ಹಟ. "ನಮ್ಮ ಭೀಮಣ್ಣ ಅದಾನ. ನನ್ನ ಹತ್ತನೇ ಕ್ಲಾಸಿನ ಹಾಲ್ ಟಿಕೆಟಿನ ಫೋಟೋ ಅವನೇ ತೆಗದಾನ" ಎಂದು ರಜಿತಾಳ ಹಟ. ಕೊನೆಗೆ ಒಪ್ಪಂದವಾಯಿತು: ಮದುವೆಗೆ ಮುಂಚಿನ ಜೋಡಿ ಫೋಟೋ ಭೀಮಶಂಕರ ತೆಗೆಯಲಿ. ಚೆನ್ನಾಗಿ ಬಂದರೆ ಮದುವೆಯೂ ಅವನದೇ.

ಹೀಗೆ ಶುಕ್ರವಾರ ಸಂಜೆ ಐದಕ್ಕೆ ಕಲ್ಯಾಣನ ಕಾರು ಹೊಳೆಯ ದಂಡೆಗೆ ಬಂದು ನಿಂತಿತು. ಮದುವೆಗೆ ಮೊದಲು ಹುಡುಗ ಹುಡುಗಿ ಇಬ್ಬರನ್ನೇ ಹೊಳೆಗೆ ಕಳಿಸುವುದುಂಟೇ? ಅದಕ್ಕೆ ಕಾವಲಿಗೆ ಇಬ್ಬರು ಜೊತೆಗೆ ಬಂದಿದ್ದರು. ಒಬ್ಬ ರಜಿತಾಳ ಸೋದರಮಾವ ಅಂಜಯ್ಯ, ಬೋಳುತಲೆಯ, ಎಲ್ಲ ವಿದ್ಯೆಯೂ ಬಲ್ಲೆನೆಂಬ ಮನುಷ್ಯ. ಇನ್ನೊಬ್ಬಳು ಅವನ ತಾಯಿ, ರಜಿತಾಳ ಆಯಿ, ಮಾಗನೂರಿನ ಮೊಗುಲಮ್ಮ. ಅರ್ಧ ಆಯುಷ್ಯವನ್ನು ಕುರಿಗಳ ಹಿಂದೆ ನಡೆದು ಕಳೆದ ಮುದುಕಿ. ಬಾಯಲ್ಲಿ ಉಳಿದದ್ದು ಮೂರು ಹಲ್ಲು, ಆದರೆ ಮಾತಿಗೆ ಅವು ಯಾವತ್ತೂ ಕಡಿಮೆ ಬಿದ್ದಿರಲಿಲ್ಲ.

ರಜಿತಾ ಕೆಂಪಂಚಿನ ನಾರಾಯಣಪೇಟೆ ಸೀರೆ ಉಟ್ಟಿದ್ದಳು. ಕಲ್ಯಾಣ ಕೋಟು ತೊಟ್ಟು ಬೆವರುತ್ತಿದ್ದ. ಭೀಮಶಂಕರ ಇಬ್ಬರನ್ನೂ ಬಂಡೆಯ ಮೇಲೆ ನಿಲ್ಲಿಸಿದ.

"ಒಬ್ಬರನ್ನೊಬ್ಬರು ನೋಡ್ರಿ. ಕಣ್ಣಾಗ ಕಣ್ಣಿಟ್ಟು. ಗದ್ದ ಮ್ಯಾಲ... ಛೇ, ಗದ್ದ ಹೆಂಗರ ಇರ್ಲಿ ಬಿಡ್ರಿ."

ಕಲ್ಯಾಣ ಕಣ್ಣಲ್ಲಿ ಕಣ್ಣಿಟ್ಟ. ಅದೇ ಹೊತ್ತಿಗೆ ಅವನ ಕಣ್ಣಲ್ಲಿ ಮೊದಲ ನುಸಿ ಹೊಕ್ಕಿತು. ಒಂದು ಕಣ್ಣು ಪಟ್ಟನೆ ಮುಚ್ಚಿತು.

"ಏ ಅಂಜಯ್ಯಾ, ನೋಡಲೇ!" ಎಂದಳು ಮೊಗುಲಮ್ಮ. "ಅಳಿಯ ನನ್ನ ಮುಂದನ ಕಣ್ಣ ಹೊಡಿಯಾಕತ್ತ್ಯಾನ!"

"ಕಣ್ಣ ಹೊಡಿಲಿಲ್ಲ ಆಯೀ, ಏನೋ ಬಿತ್ತು" ಎಂದು ಬಾಯಿ ತೆರೆದ ಕಲ್ಯಾಣನ ಬಾಯೊಳಗೆ ಎರಡನೆಯದು ಹೋಯಿತು. ಆಮೇಲೆ ಎಣಿಸುವವರು ಯಾರೂ ಇರಲಿಲ್ಲ. ಹುಲ್ಲಿನಿಂದ ಎದ್ದ ನುಸಿಗಳು ಯಾರೋ ಹಿಟ್ಟು ಜರಡಿ ಹಿಡಿದಂತೆ ಗಾಳಿಯಲ್ಲಿ ತುಂಬಿಕೊಂಡವು. ಸಾಸಿವೆಗಿಂತ ಸಣ್ಣವು, ಆದರೆ ಒಂದೊಂದರ ಕಡಿತವೂ ಬೀಡಿ ಕಿಡಿ ತಾಗಿದಂತೆ ಚುರ್ ಎನ್ನುತ್ತಿತ್ತು. ಕಿವಿ, ಕತ್ತು, ಮೂಗು, ಕಾಲ್ಗಿಣ್ಣು ಯಾವುದನ್ನೂ ಅವು ಬಿಡಲಿಲ್ಲ.

"ಏಂದನ್ನಾ ಇದಿ?" ಎಂದು ಕಲ್ಯಾಣ ತೆಲುಗಿನಲ್ಲೇ ಕೂಗಿ ಕತ್ತಿಗೆ ಹೊಡೆದುಕೊಂಡ.

"ಎರಡ ನಿಮಿಷ ತಮ್ಮಾ! ಬೆಳಕ ಭಾಳ ಚಲೋ ಐತಿ!" ಎಂದ ಭೀಮಶಂಕರ, ತನ್ನ ಕಿವಿಗೆ ಹೊಡೆದುಕೊಳ್ಳುತ್ತ. ಆ ಎರಡು ನಿಮಿಷದಲ್ಲಿ ಅವನು ನಲವತ್ತು ಫೋಟೋ ತೆಗೆದ. ಒಂದರಲ್ಲೂ ನಾಲ್ಕು ಕಣ್ಣು ಒಟ್ಟಿಗೆ ತೆರೆದಿರಲಿಲ್ಲ. ಒಂದರಲ್ಲಿ ರಜಿತಾ ಸೆರಗಿನಿಂದ ಹುಡುಗನ ಮುಖಕ್ಕೆ ಬೀಸಿ ಹೊಡೆಯುತ್ತಿದ್ದಳು. ಇನ್ನೊಂದರಲ್ಲಿ ಅವನು ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲು ಕೆರೆದುಕೊಳ್ಳುತ್ತಿದ್ದ. ಪ್ರೀತಿ ಎಂಬುದು ಯಾವ ಫೋಟೋದಲ್ಲೂ ಕಾಣುತ್ತಿರಲಿಲ್ಲ. ಜಗಳ ಬಿಡಿಸುವವರಿಲ್ಲದ ಗಂಡ ಹೆಂಡತಿಯ ಹಾಗೆ ಕಾಣುತ್ತಿದ್ದರು.

ಇಂಥ ಹೊತ್ತಿಗಾಗಿಯೇ ಅಂಜಯ್ಯ ಹುಟ್ಟಿದ್ದ.

"ಸರೀರಿ ಎಲ್ಲಾರೂ. ನನ್ನ ಹತ್ರ ಬಂದೋಬಸ್ತ್ ಐತಿ" ಎಂದು ಅವನು ತನ್ನ ಚೀಲದಿಂದ ಬೇವಿನೆಣ್ಣೆಯ ಬಾಟಲಿ ತೆಗೆದ. ಬೆಳಿಗ್ಗೆ ಎತ್ತಿನ ಗಾಯಕ್ಕೆಂದು ಕೊಂಡಿದ್ದು. "ಇದನ್ನ ಹಚ್ಚಿದ ಮ್ಯಾಲ ಒಂದ ನುಸಿ ಹತ್ರ ಬಂದ್ರ ನನ್ನ ಹೆಸರ ಬದಲಿ ಮಾಡ್ರಿ."

"ಮಾಮಾ, ವಾಸನಿ..." ಎನ್ನುವಷ್ಟರಲ್ಲಿ ಕಲ್ಯಾಣನ ಮುಖಕ್ಕೆ ಅರ್ಧ ಬಾಟಲಿ ಸುರಿದಾಗಿತ್ತು. ರಜಿತಾ ಕಾರಿನ ಹಿಂದೆ ಓಡಿ ಪಾರಾದಳು. ಇಳಿಬಿಸಿಲಿನಲ್ಲಿ ಕಲ್ಯಾಣನ ಮುಖ ಹೊಸದಾಗಿ ಬಣ್ಣ ಬಳಿದ ಬಾಗಿಲಿನಂತೆ ಮಿಂಚಿತು. ನುಸಿಗಳಿಗೆ ಅಂಜಯ್ಯನ ಶಾಸ್ತ್ರ ತಿಳಿದಿರಲಿಲ್ಲ. ಅವು ಬಂದವು, ಕೂತವು, ಎಣ್ಣೆಗೆ ಅಂಟಿಕೊಂಡವು. ಐದು ನಿಮಿಷದಲ್ಲಿ ಮದುಮಗನ ಮುಖ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯಾಗಿತ್ತು.

"ಹೆಸರ ಏನಂತ ಇಡೂಣು ಮಾವಾ?" ಎಂದು ರಜಿತಾ ಕಾರಿನ ಮರೆಯಿಂದ ಕೇಳಿದಳು.

ಅಂಜಯ್ಯನಿಗೆ ಸಿಟ್ಟು ಬಂತು. "ಎಣ್ಣಿ ಕಡಿಮಿ ಬಿದ್ದೈತಿ" ಎಂದು ಉಳಿದರ್ಧ ಬಾಟಲಿ ಹಿಡಿದು ಹುಡುಗನ ಮುಂದೆ ಬಗ್ಗಿದ. ಆಗ ಅವನ ಬೋಳುತಲೆಯ ಮೇಲೆ, ಬಯಲಲ್ಲಿ ಸಂತೆ ಕೂತ ಹಾಗೆ, ಇಪ್ಪತ್ತು ಮೂವತ್ತು ನುಸಿಗಳು ಕೂತಿದ್ದವು. ಕಲ್ಯಾಣ ಒಳ್ಳೆಯ ಹುಡುಗ. ಹಿರಿಯರಿಗೆ ತೊಂದರೆಯಾಗುವುದನ್ನು ನೋಡಲಾರದೆ ಎಣ್ಣೆಗೈ ಎತ್ತಿ ಒಂದೇ ಏಟು ಹಾಕಿದ. ಆ ಸದ್ದಿಗೆ ಹೊಳೆಯ ಬೆಳ್ಳಕ್ಕಿಗಳು ಎದ್ದು ಹಾರಿದವು.

ಅಂಜಯ್ಯ ತನ್ನ ಬೋಳುತಲೆ ಮುಟ್ಟಿ ನೋಡಿಕೊಂಡ.

"ಹೊಡದ್ಯಾ?" ಎಂದ ಅಂಜಯ್ಯ ಸಣ್ಣ ದನಿಯಲ್ಲಿ. ಆಮೇಲೆ ದನಿ ಏರಿತು. "ಸೋದರಮಾವಗ ಹೊಡದ್ಯಾ? ಅಕ್ಷತಿ ಬೀಳೂಕಿಂತ ಮೊದಲ ಕೈ ಎತ್ತಿದವ ನಾಳಿಗಿ ನಮ್ಮ ಹುಡುಗಿಗಿ ಬಿಡ್ತಾನೇನು? ಈ ಸಂಬಂಧ ಬ್ಯಾಡ! ನಡಿ ರಜಿತಾ, ಮನಿಗಿ!"

"ಮಾಮಾ, ನುಸಿ ಇದ್ವು..."

"ನನ್ನ ತೆಲಿ ಮ್ಯಾಗ ನುಸಿ ಇದ್ರ ನನಗ ಗೊತ್ತಾಗಂಗಿಲ್ಲೇನು?"

ಭೀಮಶಂಕರ ಕ್ಯಾಮೆರಾ ಕೆಳಗಿಳಿಸಿದ. ಜಾಗ ಆರಿಸಿದವನು ತಾನು, ಹೊತ್ತು ಗೊತ್ತುಮಾಡಿದವನು ತಾನು. ಫೋಟೋ ತೆಗೆಯಲು ಹೋಗಿ ಮದುವೆಯನ್ನೇ ಮುರಿದ ಎಂದು ಮಕ್ತಲಿನಿಂದ ಗದ್ವಾಲದವರೆಗೆ ಹೆಸರಾಗುವುದು ಖಚಿತ. ಅವನು ಅಂಜಯ್ಯನ ಮುಂದೆ ಕೈಮುಗಿದ. "ಅಣ್ಣಾರ, ತಪ್ಪ ನಂದ್ರಿ, ನನಗೊಂದ ಹೊಡೀರಿ." ಅಂಜಯ್ಯ ಹೊಡೆಯುವುದಕ್ಕೂ ತಯಾರಿದ್ದ. ರಜಿತಾಳ ಮುಖದ ನಗು ಆರಿಹೋಗಿ ಕಣ್ಣು ತುಂಬಿಕೊಂಡಿತ್ತು.

"ಎಲ್ಲಾರೂ ಬಾಯಿ ಮುಚ್ಚ್ರಿ!" ಎಂದು ಮೊಗುಲಮ್ಮ ಎದ್ದು ಬಂದಳು. "ಏ ತಮ್ಮಾ ಕಲ್ಯಾಣ, ಹೊಡದ ಕೈ ತೋರ್ಸು."

ಅವನು ಅಂಗೈ ಚಾಚಿದ. ಮುದುಕಿ ಅದನ್ನು ಬಿಸಿಲಿಗೆ ಹಿಡಿದು ಬೆರಳಿನಿಂದ ಎಣಿಸತೊಡಗಿದಳು. "ಒಂದು... ನಾಕು... ಏಳು... ಹನ್ನೊಂದು ಹೆಣ ಅದಾವ. ರಕ್ತನೂ ಐತಿ. ಲೇ ಅಂಜಯ್ಯಾ, ಇದು ನಿಂದ ರಕ್ತ. ಅಳಿಯ ನಿನಗ ಹೊಡಿಲಿಲ್ಲ, ನಿನ್ನ ಉಳಿಸ್ಯಾನ. ಹೋಗು, ಕುರುಳು ಆರಿಸ್ಕೊಂಡ ಬಾ."

ಅರವತ್ತರ ಹತ್ತಿರದ ಅಂಜಯ್ಯ ತಾಯಿಯ ಮಾತಿಗೆ ಎದುರಾಡದೆ, ತಲೆ ಸವರಿಕೊಳ್ಳುತ್ತ, ದನ ಮೇಯ್ದ ಜಾಗಕ್ಕೆ ಹೋಗಿ ಒಣ ಸಗಣಿ ಕುರುಳು ಆರಿಸಿ ತಂದ. ಮೊಗುಲಮ್ಮ ಅವನ್ನು ಗೂಡು ಮಾಡಿ ಬೆಂಕಿ ಹಚ್ಚಿ ಮೇಲೆ ಹಸಿ ಬೇವಿನ ಸೊಪ್ಪು ಒಟ್ಟಿದಳು. "ಕುರಿ ಹಟ್ಟ್ಯಾಗ ಹಿಂಗ ಹೊಗಿ ಹಾಕಿ ಮಕ್ಕಳನ್ನ ಮಲಗಿಸ್ತಿದ್ದೆ ನಾನು. ಈ ಅಂಜಯ್ಯನ್ನೂ ಹಂಗ ಬೆಳಿಸಿದ್ದು. ಮರತಾನ" ಎಂದಳು.

ದಟ್ಟ ಬಿಳಿ ಹೊಗೆ ಎದ್ದು ನೆಲದ ಮೇಲೆ ಹರಡಿತು. ನುಸಿಗಳು ಹೊಗೆಯ ಹೊರಗೆ ಸರಿದವು. ಆದರೆ ಜೋಡಿ ಫೋಟೋದ ಕಾಲ ಮೀರಿಹೋಗಿತ್ತು. ಕಲ್ಯಾಣನ ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ಮೇಲ್ತುಟಿ ಬಜ್ಜಿಯಂತೆ ಉಬ್ಬಿತ್ತು. ರಜಿತಾಳ ಎಡಗೆನ್ನೆ ಬಲಗೆನ್ನೆಯ ಎರಡರಷ್ಟಾಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಆವತ್ತು ಮೊದಲ ಸಲ, ಬಿದ್ದುಬಿದ್ದು ನಕ್ಕರು. ಆಕೆ ಪರ್ಸಿನಿಂದ ಬಾವು ಇಳಿಸುವ ಗುಳಿಗೆ ತೆಗೆದು ಅವನ ಉಬ್ಬಿದ ತುಟಿಯ ನಡುವೆ ತಾನೇ ಇಟ್ಟಳು.

ಹೊಗೆಯ ಹೊರಗಿದ್ದ ಭೀಮಶಂಕರ ಕ್ಯಾಮೆರಾ ಚೀಲಕ್ಕೆ ಹಾಕಲು ಹೊರಟವನು ಹಾಗೇ ನಿಂತ. ಹೊಗೆಯ ನಡುವೆ ಮೊಗುಲಮ್ಮ ನಿಂತಿದ್ದಳು. ಹಿಂದೆ ಮುಳುಗುವ ಸೂರ್ಯ. ಬಿಳಿ ಕೂದಲ ಅಂಚಿಗೆ ಬೆಳಕು ಹತ್ತಿಕೊಂಡಿತ್ತು. ಸೆರಗಿನಿಂದ ಬೆಂಕಿಗೆ ಗಾಳಿ ಬೀಸುತ್ತಿದ್ದವಳು ತಲೆ ಎತ್ತಿ ನೇರ ಅವನ ಕಡೆ ನೋಡಿದಳು. ನೋಡಿ, ಮೂರೂ ಹಲ್ಲು ಕಾಣುವಂತೆ, ಹದಿನೆಂಟರ ಹುಡುಗಿಯ ಹಾಗೆ ನಕ್ಕುಬಿಟ್ಟಳು. ಹದಿನಾರು ವರ್ಷದಲ್ಲಿ ಯಾರೂ ಅವನ ಕ್ಯಾಮೆರಾದ ಮುಂದೆ ಹಾಗೆ ನಕ್ಕಿರಲಿಲ್ಲ. ನಗಲು ಅವನೇ ಬಿಟ್ಟಿರಲಿಲ್ಲ. ಅವನು ಕೈ ಅಲುಗಿಸದೆ ಒಂದೇ ಒಂದು ಫೋಟೋ ತೆಗೆದ.

ಹೊತ್ತು ಮುಳುಗುತ್ತಿದ್ದಂತೆ ಕಾರು ಮಾಗನೂರಿನ ದಾರಿ ಹಿಡಿಯಿತು. ಕಲ್ಯಾಣ ತೆರೆದಿದ್ದ ಒಂದೇ ಕಣ್ಣಿನಲ್ಲಿ ಕಾರು ಓಡಿಸಲಾಗದೆ ಸ್ಟಿಯರಿಂಗನ್ನು ಅಂಜಯ್ಯನಿಗೆ ಕೊಟ್ಟು, ಹಿಂದೆ ಕೂತು ಕ್ಯಾಮೆರಾದ ಫೋಟೋ ನೋಡುತ್ತ ಹೋದ. ಒಂದೊಂದಕ್ಕೂ "ಅಯ್ಯೋ" ಎಂದ. ಕೊನೆಯದನ್ನು ದೊಡ್ಡದು ಮಾಡಿ ರಜಿತಾಳಿಗೂ ತೋರಿಸಿದ.

"ಅಣ್ಣಾ" ಎಂದ, ಉಬ್ಬಿದ ತುಟಿಯಿಂದಲೇ. "ಹೈದರಾಬಾದಿನವರು ಬ್ಯಾಡ. ಮದುವಿ ನೀನ ತೆಗಿ."

ಭೀಮಶಂಕರನಿಗೆ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎಂದು ಹೇಳಿ ಒರೆಸಿಕೊಂಡ.

ಮಾಗನೂರಿನಲ್ಲಿ ಮೊಗುಲಮ್ಮ ಕಾರಿನಿಂದ ಇಳಿದವಳೇ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದುಕೊಂಡು ಎದುರಿನ ಕಟ್ಟೆಗೆ ಹೋದಳು. ಅಲ್ಲಿ ಅವಳ ಓರಗೆಯ ಏಳೆಂಟು ಮುದುಕಿಯರು ಕೂತಿದ್ದರು. ಉಳಿದವರು ಅವಳ ಮನೆಯೊಳಗೆ ಚಹಾ ಕುಡಿಯುವಷ್ಟರಲ್ಲಿ ಹೊರಗೆ ಗದ್ದಲವಾಯಿತು. ಬಂದು ನೋಡಿದರೆ ಮುದುಕಿಯರು ಇಪ್ಪತ್ತಕ್ಕೆ ಏರಿದ್ದರು.

"ತಮ್ಮಾ, ಭಾಳ ಚಲೋ ತೆಗದಿ" ಎಂದಳು ಮೊಗುಲಮ್ಮ. "ನನ್ನ ಮನಸಿನ್ಯಾಗಿನ ಚಿಂತಿ ಒಂದು ಕಳೀತು. ನಾ ಸತ್ತ ಮ್ಯಾಲ ಗ್ವಾಡಿಗಿ ಹಾಕಿ ಹೂವಿನ ಮಾಲಿ ಹಾಕ್ತಾರಲ್ಲ, ಅದಕ ಸೊಸಿ ರೇಷನ್ ಕಾರ್ಡಿನ ಫೋಟೋನ ದೊಡ್ಡದ ಮಾಡಿಸಿ ಬಿಡ್ತಾಳ ಅಂತ ಅಂಜಿಕಿ ಇತ್ತು. ಅದ್ರಾಗ ನಾ ಆಡು ಕದ್ದಾಕಿ ಕಂಡಂಗ ಕಾಣ್ತೀನಿ. ಈಗ ಇದನ್ನ ಹಾಕ್ಲಿ. ನೋಡ್ರೇ, ಬೀರಪ್ಪದೇವರು ಮೋಡದಾಗ ನಿಂದ್ರಿಸಿ ಕರಕೊಂಡ ಹೋದಂಗ ಐತಿ!"

"ನನಗೂ ಮಾಲಿ ಫೋಟೋ ತೆಗೀರಿ" ಎಂದಳು ಪಕ್ಕದ ಮನೆಯ ಕುರುಮಮ್ಮ. "ಅದ ಹೊಳಿ, ಅದ ಹೊತ್ತು, ಅದ ಹೊಗಿ ಬೇಕ್ರಿ." "ನನಗೂ." "ನಂದೂ ಬರಕೋರಿ." ಸಾಲು ಮನೆಯ ಮೂಲೆ ದಾಟಿತು.

ಅಂಜಯ್ಯ ಚಹಾದ ಕಪ್ಪು ಕೆಳಗಿಟ್ಟು ಕಲ್ಯಾಣನನ್ನು ಪಕ್ಕಕ್ಕೆ ಕರೆದ. ಪಿಸುಮಾತಾದರೂ ಎಲ್ಲರಿಗೂ ಕೇಳಿಸಿತು. "ಅಳಿಯಾ, ಮಾಲಿ ಫೋಟೋ ತೆಗೆಯೋನ ಕೈಲೆ ಮದುವಿ ಫೋಟೋ ಯಾರರ ತೆಗಸ್ತಾರೇನು? ಹಿರೇರು ಏನಂತಾರ?" ಕಲ್ಯಾಣ ತನ್ನ ಒಂದು ಕಣ್ಣಿನಿಂದ ಭೀಮಶಂಕರನನ್ನು ನೋಡಿದ, ನೆಲ ನೋಡಿದ, ಆಮೇಲೆ ಮೊಬೈಲು ತೆಗೆದು ಹೈದರಾಬಾದಿನ ನಂಬರು ಹುಡುಕತೊಡಗಿದ. "ಬೇಜಾರ ಮಾಡ್ಕೋಬ್ಯಾಡಣ್ಣಾ" ಎಂದಳು ರಜಿತಾ. "ಊಟಕ್ಕರ ತಪ್ಪದ ಬಾ."

ಭೀಮಶಂಕರ ಕಟ್ಟೆಯ ಮೇಲೆ ಕುಸಿದು ಕೂತ. ಮುದುಕಿಯರೇ ಅವನ ಪುಸ್ತಕದಲ್ಲಿ ಹೆಸರು ಬರೆಸಿದರು. ಬೆಳಕು ಸರಿಯಾಗಿರುವುದು ಹತ್ತೇ ನಿಮಿಷ, ದಿನಕ್ಕೆ ಇಬ್ಬರಿಗಿಂತ ಆಗುವುದಿಲ್ಲವೆಂದು ಅವನೇ ಹೇಳಬೇಕಾಯಿತು. ಲೆಕ್ಕ ಹಾಕಿದರೆ ಇಪ್ಪತ್ತೆರಡು ಹೆಸರಿಗೆ ಹನ್ನೊಂದು ಸಂಜೆ ಆ ದಂಡೆಯ ಮೇಲೆ! ಆದರೂ ಕೆಲಸ ಕೆಲಸವೇ. ಮಕ್ತಲಿಗೆ ಹೋದೊಡನೆ ಮೆಡಿಕಲ್ ಅಂಗಡಿಯಲ್ಲಿ ನುಸಿ ಮುಲಾಮು ಎರಡು ಟ್ಯೂಬು ಕೊಂಡು ಮೈಗೆಲ್ಲ ಮೆತ್ತಿಕೊಳ್ಳಬೇಕೆಂದು ನಿಶ್ಚಯಿಸಿ, ಅದನ್ನೇ ಬಾಯಿಬಿಟ್ಟು ಹೇಳಿದ.

ಕುರುಮಮ್ಮ ಗಾಬರಿಯಾದಳು. "ಅಯ್ಯ, ಮುಲಾಮು ಹಚ್ಚಬ್ಯಾಡ್ರಿ ಯಪ್ಪಾ! ಫೋಟೋ ಹಿಂಗ ಬರಂಗಿಲ್ಲ."

"ಯಾಕ್ರಿ?"

"ಮೊಗುಲಕ್ಕ ಎಲ್ಲಾ ಹೇಳ್ಯಾಳ. ಹೊಗಿಗಿ ಹೆದರಿದ ನುಸಿ ಎಲ್ಲಾ ಬಂದು ನಿಮ್ಮ ಮೂಗಿನ ಮ್ಯಾಗ ಸಾಲಾಗಿ ಕುಂತಿದ್ವಂತ. ನೀವು ಕೈ ಆಡಸದ ಮೂಗು ಕುಣಿಸ್ತಿದ್ರಂತ. ಅದನ್ನ ನೋಡೇ ಆಕಿಗಿ ಅಷ್ಟು ಚಂದ ನಗು ಬಂತಂತ." ಅವಳು ಸೆರಗು ಸರಿಮಾಡಿಕೊಂಡು ಗದ್ದ ಮೇಲೆತ್ತಿದಳು. "ನಾಳೆ ಜಲ್ದಿ ಬರ್ರಿ. ಮಾರಿ ಬರೇ ತೊಳಕೊಂಡ ಬರ್ರಿ, ಸಾಕು."