ಒಂಬತ್ತರಿಂದ ಎರಡರೊಳಗೆ ಬರುವ ರೋಗಿ

ಗುರುವಾರ ಬೆಳಿಗ್ಗೆ ಏಳಕ್ಕೆ ಲುತ್ಫಿಯ ಫೋನಿಗೆ ತರಬೇತಿ ಕೇಂದ್ರದಿಂದ ಬಂದ ಸಂದೇಶದಲ್ಲಿ ಇದ್ದದ್ದು ಮೂರೇ ಸಾಲು. "ನಿಮ್ಮ ಅಂತಿಮ ಪರೀಕ್ಷೆ ಇಂದು. ಒಂಬತ್ತರಿಂದ ಎರಡು ಗಂಟೆಯೊಳಗೆ ರೋಗಿಯ ವೇಷದಲ್ಲಿ ಒಬ್ಬ ನಟ ನಿಮ್ಮ ಕ್ಲಿನಿಕ್ಕಿಗೆ ಬರುತ್ತಾನೆ. ತಾನು ನಟನೆಂದು ಆತ ಹೇಳುವುದಿಲ್ಲ, ನೀವೂ ಕೇಳುವಂತಿಲ್ಲ."

ಹಲ್ಲುಜ್ಜುತ್ತಿದ್ದ ಬ್ರಷ್ಷು ಬಾಯಲ್ಲೇ ನಿಂತಿತು.

ತಪ್ಪು ಅವನದೇ. ಅಮ್ಮಾನ್ ನಗರದ ಜಬಲ್ ಹುಸೇನ್ ಬಡಾವಣೆಯಲ್ಲಿ ಹನ್ನೊಂದು ವರ್ಷದಿಂದ ಜನರ ಮನಸ್ಸಿನ ಗಂಟು ಬಿಡಿಸುತ್ತ ಕೂತಿದ್ದ ಆಪ್ತಸಮಾಲೋಚಕ ಅವನು. ಪರವಾನಗಿ ಉಳಿಯಬೇಕಾದರೆ ಆಗಾಗ ಹೊಸ ಕೋರ್ಸು ಮಾಡಿ ಇಷ್ಟು ಗಂಟೆಯ ಕಲಿಕೆ ಅಂತ ತೋರಿಸಬೇಕು. ಲುತ್ಫಿ ಎಂಥವನೆಂದರೆ, 'ಕೆಲಸ ಮುಂದೂಡುವ ಚಟ ಬಿಡಿಸುವುದು ಹೇಗೆ' ಎಂಬ ಕೋರ್ಸನ್ನೇ ಎರಡು ಸಲ ಮುಂದೂಡಿದವನು. ಈಗ ಪರವಾನಗಿಗೆ ಇವತ್ತೇ ಕೊನೆ, ಕಲಿಕೆಯಲ್ಲಿ ಮೂರು ಗಂಟೆ ಕಡಿಮೆ. ಆ ಮೂರು ಗಂಟೆ ಸಿಗಬೇಕಾದ್ದು 'ಬಿಕ್ಕಟ್ಟಿನಲ್ಲಿರುವವರ ಜೊತೆ ಮಾತು' ಎಂಬ ಕೋರ್ಸಿನಿಂದ. ನಟ ಬರಬೇಕು, ಅಂಕ ಕೊಡಬೇಕು, ಆ ಅಂಕ ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕುವ ನೋಂದಣಿ ಕಚೇರಿಗೆ ಅಷ್ಟರೊಳಗೆ ಮುಟ್ಟಬೇಕು. ಇಲ್ಲದಿದ್ದರೆ ನಾಳೆಯಿಂದ ಅವನ ಬಾಗಿಲಿನ ಬೋರ್ಡಿಗೂ ಬೀದಿಯ ಜಾಹೀರಾತಿಗೂ ವ್ಯತ್ಯಾಸವಿಲ್ಲ.

ಎಂಟೂವರೆಗೇ ಹೋಗಿ ಕ್ಲಿನಿಕ್ಕಿನ ಬಾಗಿಲು ತೆರೆದ. ಹೀಟರು ಹತ್ತಲಿಲ್ಲ, ಗ್ಯಾಸು ಮುಗಿದಿತ್ತು. ಕೋಟು ಹಾಕಿಕೊಂಡೇ ಕೂತ.

ಒಂಬತ್ತೂ ಹತ್ತಕ್ಕೆ ಮೊದಲನೆಯವನು ಬಂದ. ಮಾಸಿದ ಜಾಕೆಟ್ಟು, ಬಾಗಿದ ಬೆನ್ನು, ಕೆಂಪಗಾದ ಕಣ್ಣು. ಬಾಗಿಲಲ್ಲಿ ನಿಂತು ದೊಡ್ಡದಾಗಿ ಉಸಿರು ಬಿಟ್ಟ. ಬಂದನಪ್ಪಾ ಅಂದುಕೊಂಡ ಲುತ್ಫಿ.

"ಕೂತ್ಕೊಳ್ಳಿ, ಏನೂ ಆತುರ ಇಲ್ಲ. ನೋಡಿದ್ರೆ ತುಂಬಾ ಭಾರ ಹೊತ್ತ ಹಾಗಿದೀರಿ."

"ಹೊತ್ತಿದ್ದೆ ಸ್ವಾಮಿ. ಈಗ ಹೊರಗಡೆ ಇಳಿಸಿ ಬಂದೆ."

"ಇಳಿಸೋಕೆ ಆಯ್ತಲ್ಲ, ಅದೇ ದೊಡ್ಡದು. ಎಷ್ಟು ದಿನದಿಂದ ಹೊರ್ತಿದೀರಿ?"

"ಇಪ್ಪತ್ತು ವರ್ಷ ಆಯ್ತು. ಮೆಟ್ಟಿಲು ಹತ್ತೋವಾಗ ಸೊಂಟ ಹಿಡ್ಕೊಳ್ಳುತ್ತೆ."

"ಯಾರ ಹತ್ರನಾದ್ರೂ ಹೇಳ್ಕೊಂಡಿದೀರಾ?"

"ಕೇಳೋರು ಯಾರು? ಎಲ್ರೂ ಖಾಲಿಯದನ್ನ ಕೈಗೆ ಕೊಟ್ಟು ಬಾಗಿಲು ಹಾಕ್ಕೋತಾರೆ."

ಎಂಥ ಮಾತು! ಲುತ್ಫಿ ಮನಸ್ಸಿನಲ್ಲೇ ತಲೆದೂಗಿ ಪುಸ್ತಕದಲ್ಲಿ 'ಖಾಲಿತನ' ಎಂದು ಬರೆದು ಕೆಳಗೆ ಗೆರೆ ಎಳೆದ. ಇಬ್ಬರೂ ಬಾಲ್ಯದವರೆಗೆ ಹೋಗಿ ಬಂದರು. ನಲವತ್ತು ನಿಮಿಷ ಕಳೆದ ಮೇಲೆ ಮನೆಮನೆಗೆ ಸಿಲಿಂಡರ್ ಮಾರುತ್ತ ಬೀದಿ ಸುತ್ತುವ ಗ್ಯಾಸ್ ಗಾಡಿಯ ಸಂಗೀತ ಕೆಳಗೆ ಜೋರಾಯಿತು. ಆತ ಧಡಕ್ಕನೆ ಎದ್ದ.

"ಡ್ರೈವರು ಬಯ್ತಾನೆ ಸ್ವಾಮಿ. ನಿಮ್ಮ ಖಾಲಿ ಸಿಲಿಂಡರ್ ಕೊಡ್ತೀರಾ, ಇಲ್ಲ ತುಂಬಿದ್ದನ್ನ ವಾಪಸ್ ಒಯ್ಯಲಾ?"

ಹೀಟರು ಹತ್ತಿತು. ಆದರೆ ಮುಕ್ಕಾಲು ಗಂಟೆ ಹೋಗಿತ್ತು.

ಎದುರು ಬಾಗಿಲಿನ ದಂತವೈದ್ಯ ನಶಾತ್ ಅವನ ಹಳೆಯ ಗೆಳೆಯ. ಲುತ್ಫಿ ಅವನೊಬ್ಬನಿಗೆ ಮಾತ್ರ ವಿಷಯ ಹೇಳಿದ.

"ಗುರುತು ಹಿಡಿಯೋದು ಸುಲಭ ಕಣೋ," ಅಂದ ನಶಾತ್. "ನಿಜವಾದ ರೋಗಿ ಹೇಳೋಕೆ ಒದ್ದಾಡ್ತಾನೆ. ನಟ ಬಂದ ತಕ್ಷಣ ಶುರು ಹಚ್ಕೋತಾನೆ."

"ಯಾರಿಗೂ ಹೇಳ್ಬೇಡ ಮತ್ತೆ."

"ನಾನಾ? ನನ್ನ ಬಾಯಿಂದ ಹಲ್ಲು ಕಿತ್ರೂ ಮಾತು ಬರಲ್ಲ."

ಬರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೂ ಹತ್ತೂವರೆಯೊಳಗೆ ನಾಲ್ಕು ಮಹಡಿಗೂ ಸುದ್ದಿ ಮುಟ್ಟಿತ್ತು. ಮೊದಲು ಬಂದವಳು ನಾಲ್ಕನೇ ಮಹಡಿಯ ಉಮ್ಮ್ ಗಾಲಿಬ್. ಕಟ್ಟಡದಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಆಕೆಗೇ ಗೊತ್ತಾಗುತ್ತಿತ್ತು.

"ಡಾಕ್ಟ್ರೇ, ನಿಮ್ಮನ್ನ ಪರೀಕ್ಷೆ ಮಾಡೋಕೆ ಕಳ್ಳನ ಹಾಗೆ ಯಾರೋ ಬರ್ತಾನಂತೆ? ಚಿಂತೆ ಬಿಡಿ. ಮೆಟ್ಟಿಲ ಮೇಲೆ ಕುರ್ಚಿ ಹಾಕ್ಕೊಂಡು ಕೂರ್ತೀನಿ. ಮುಖ ನೋಡಿದ್ರೆ ನಂಗೆ ಗೊತ್ತಾಗುತ್ತೆ. ಗೋಡೆಗೆ ಎರಡು ಸಲ ಬಡಿದ್ರೆ ನಟ, ಒಂದು ಸಲ ಬಡಿದ್ರೆ ನಿಜ."

"ದಯವಿಟ್ಟು ಬೇಡ ಉಮ್ಮ್ ಗಾಲಿಬ್."

"ಬೇಡ ಅಂದ್ರೆ ಬಿಡ್ತೀನಾ? ನೀವು ನನ್ನ ತಮ್ಮನ ಹಾಗೆ."

ಹನ್ನೊಂದಕ್ಕೆ ಗೋಡೆಗೆ ಎರಡು ಸಲ ಬಡಿದ ಸದ್ದು. ಒಳಗೆ ಬಂದ ತರುಣನ ಕಣ್ಣಲ್ಲಿ ನೀರು ಧಾರೆಯಾಗಿ ಹರಿಯುತ್ತಿತ್ತು. ಬಾಯಿ ತೆರೆಯಲೊಲ್ಲ. ಮಫ್ಲರನ್ನು ಮುಖಕ್ಕೆ ಬಿಗಿಯಾಗಿ ಸುತ್ತಿಕೊಂಡು ನರಳುತ್ತಿದ್ದ.

"ಮಾತಾಡೋಕೆ ಆಗದಷ್ಟು ನೋವು, ಅಲ್ವಾ?" ಅಂದ ಲುತ್ಫಿ ಮೃದುವಾಗಿ.

ತರುಣ ಜೋರಾಗಿ ತಲೆ ಆಡಿಸಿದ.

"ಮೌನಕ್ಕೂ ಜಾಗ ಇದೆ ಇಲ್ಲಿ. ನಾವಿಬ್ರೂ ಆ ನೋವಿನ ಜೊತೆ ಸುಮ್ನೆ ಕೂರೋಣ."

ಕೂತರು. ಕಾಲು ಗಂಟೆ ಕೂತರು. ಕೊನೆಗೆ ತರುಣ ಮಫ್ಲರು ಕಿತ್ತೆಸೆದು, ಕಿತ್ತಳೆಯಂತೆ ಊದಿದ ಕೆನ್ನೆ ತೋರಿಸಿ, "ಹಲ್ಲು! ಹಲ್ಲು ಕೀಳ್ತೀರೋ ಇಲ್ವೋ!" ಎಂದು ಕಿರುಚಿದ. ಅವನು ಬಂದದ್ದು ನಶಾತ್‌ನ ಬಾಗಿಲಿಗೆ. ಉಮ್ಮ್ ಗಾಲಿಬ್ ರಟ್ಟೆ ಹಿಡಿದು ಈಚೆ ಬಾಗಿಲಿಗೆ ತಳ್ಳಿದ್ದಳು.

ಹನ್ನೆರಡಾಯಿತು. ಹನ್ನೆರಡೂವರೆ. ಯಾರೂ ಬರಲಿಲ್ಲ. ಲುತ್ಫಿ ಎದ್ದು ಕಿಟಕಿಯಿಂದ ಬೀದಿ ನೋಡಿ ಬಂದ. ಮನೆಯ ಬಾಡಿಗೆ, ಮಗಳ ಶಾಲೆ, ಶನಿವಾರಕ್ಕೆ ಬರಬೇಕಾದ ಏಳು ಮಂದಿ, ಎಲ್ಲ ಕಣ್ಣ ಮುಂದೆ ಸುತ್ತಿತು. ಬಂದವನು ಕಾವಲಿಗೆ ಕೂತ ಉಮ್ಮ್ ಗಾಲಿಬಳನ್ನು ನೋಡಿ ಹೆದರಿ ವಾಪಸು ಹೋದನೋ ಏನೋ.

ಒಂದು ಗಂಟೆಗೆ, ಅಡುಗೆ ನೋಡಿಬರಲು ಎದ್ದುಹೋಗಿದ್ದ ಉಮ್ಮ್ ಗಾಲಿಬಳ ಕಿರುಚಾಟ ಮೇಲಿಂದ ಕೇಳಿತು.

"ಡಾಕ್ಟ್ರೇ! ತಾರಸಿ ಮೇಲೆ ಯಾರೋ ಗಂಡಸು! ಗೋಡೆ ಮೇಲೆ ಕೂತಿದಾನೆ, ಕಾಲು ಆಚೆ ಇಳಿಬಿಟ್ಟಿದಾನೆ!"

ಮೆಟ್ಟಿಲು ಹತ್ತುವಾಗ ಲುತ್ಫಿಯ ಮೊದಲ ಭಾವನೆ ಏನಿತ್ತೆಂದು ಹೇಳಲು ಅವನಿಗೆ ಇವತ್ತಿಗೂ ನಾಚಿಕೆ. ಅವನಿಗೆ ಸಂತೋಷವಾಗಿತ್ತು. ಕೊನೆಗೂ ಬಂದ! ಕೋರ್ಸಿನ ಹೆಸರೇ ಬಿಕ್ಕಟ್ಟು. ಕ್ಲಿನಿಕ್ಕಿನೊಳಗೆ ಕೂತು ಅತ್ತರೆ ಅದೆಂಥ ಬಿಕ್ಕಟ್ಟು?

ತಾರಸಿಯ ಮೇಲೆ ಜನವರಿಯ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನೀರಿನ ಟ್ಯಾಂಕುಗಳ ಆಚೆ, ಅಂಚಿನ ಮೋಟುಗೋಡೆಯ ಮೇಲೆ, ಐವತ್ತರ ಆಸುಪಾಸಿನ ಮನುಷ್ಯನೊಬ್ಬ ಬೀದಿಗೆ ಮುಖ ಮಾಡಿ ಕೂತಿದ್ದ. ಮೈಮೇಲೆ ತೆಳ್ಳನೆಯ ಅಂಗಿ. ಮೆಟ್ಟಿಲ ಬಾಗಿಲಲ್ಲಿ ಉಮ್ಮ್ ಗಾಲಿಬ್, ನಶಾತ್, ಬಾಯಲ್ಲಿ ಹತ್ತಿಯುಂಡೆ ಇಟ್ಟುಕೊಂಡ ಆ ತರುಣ, ಮೂವರೂ ಕತ್ತು ಚಾಚಿ ನಿಂತಿದ್ದರು.

"ಏ ಅಪ್ಪಾ, ಇಳಿ ಕೆಳಗೆ! ನಿಂಗೆ ದೇವರ ಭಯ ಇಲ್ವಾ?" ಅಂದಳು ಉಮ್ಮ್ ಗಾಲಿಬ್.

"ಬಾಯಿ ಮುಚ್ಚಿ!" ಅಂದ ಲುತ್ಫಿ. ಹನ್ನೊಂದು ವರ್ಷದಲ್ಲಿ ಆಕೆಗೆ ಆ ಮಾತು ಹೇಳಿದವರು ಯಾರೂ ಇರಲಿಲ್ಲ. ಆಕೆ ಮುಚ್ಚಿದಳು.

ಲುತ್ಫಿ ನಾಲ್ಕು ಹೆಜ್ಜೆ ದೂರದಲ್ಲಿ ನಿಂತ. ಕೋರ್ಸಿನ ಪಾಠ ಕಣ್ಣ ಮುಂದೆ ಪುಟಪುಟವಾಗಿ ತೆರೆಯಿತು.

"ನಾನು ಲುತ್ಫಿ, ಇದೇ ಕಟ್ಟಡದೋನು. ಇಲ್ಲೇ ನಿಂತು ಮಾತಾಡಬಹುದಾ?"

"ಹತ್ರ ಬರಬೇಡಿ."

"ಬರಲ್ಲ. ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸಾಯಬೇಕು ಅನ್ನಿಸ್ತಿದೆಯಾ?"

ಹಿಂದಿನಿಂದ ಉಮ್ಮ್ ಗಾಲಿಬ್ ಉಸಿರು ಎಳೆದುಕೊಂಡದ್ದು ಕೇಳಿತು. ಈ ಪ್ರಶ್ನೆಗೆ ಹತ್ತು ಅಂಕ, ಬಹಳ ಮಂದಿ ಕೇಳದೆ ಕಳೆದುಕೊಳ್ಳುವ ಹತ್ತು ಅಂಕ.

"ಅನ್ನಿಸ್ತಿದೆ," ಅಂದ ಆತ.

"ಹೇಳಿದ್ದು ಒಳ್ಳೇದಾಯ್ತು. ನಂಗೆ ಕೇಳೋಕೆ ಬೇಕಾದಷ್ಟು ಹೊತ್ತಿದೆ."

ಎಂಥ ಅಭಿನಯ! ಆ ದನಿಯ ನಡುಕ, ಗೋಡೆ ಹಿಡಿದ ಬೆರಳು ಬಿಳಿಚಿಕೊಂಡ ರೀತಿ! ಇಂಥ ಕಲಾವಿದನನ್ನು ಈ ಊರು ಎಲ್ಲಿ ಬಚ್ಚಿಟ್ಟಿತ್ತು?

"ನಾನು ನಟ ಕಣ್ರೀ," ಅಂದ ಆತ.

ಲುತ್ಫಿ ತಟ್ಟನೆ ತುಟಿಗೆ ಬೆರಳಿಟ್ಟ. ಅದನ್ನು ಹೇಳುವ ಹಾಗಿಲ್ಲವಲ್ಲ! "ಶ್! ಅದು ಬೇಡ. ಅದು ನಮ್ಮಿಬ್ಬರಲ್ಲೇ ಇರ್ಲಿ. ಮುಂದಕ್ಕೆ ಹೇಳಿ."

ಆತ ಮೊದಲ ಸಲ ತಿರುಗಿ ನೋಡಿದ. "ನಿಮಗೂ ಅದು ನಾಚಿಕೆಗೇಡಾ? ನನ್ನ ಮಾವನೂ ಹಾಗೇ ಅಂತಿದ್ರು. ನನ್ನ ಹೆಂಡ್ತಿ ಒಬ್ಳೇ ನನ್ನ ಪ್ರತಿ ನಾಟಕಕ್ಕೂ ಮುಂದಿನ ಸಾಲಲ್ಲಿ ಕೂರ್ತಿದ್ದೋಳು."

"ಈಗ?"

"ಈಗ ಆ ಕುರ್ಚಿ ಖಾಲಿ. ಮೂರು ವಾರ ಆಯ್ತು."

ಗಾಳಿ ಜೋರಾಯಿತು. ಲುತ್ಫಿಗೆ ಹೆಚ್ಚಿನ ಅಂಕದ ಆಸೆ ಹುಟ್ಟಿತು. ಹತ್ತಿರ ಹೋಗಬಾರದೆಂದು ಪಾಠದಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. ಆದರೆ ನಟನೇನು ಬೀಳುತ್ತಾನೆಯೇ? ಧೈರ್ಯ ಮಾಡುವುದಾದರೆ ಇಲ್ಲೇ. "ನಿಮ್ಮ ಪಕ್ಕ ಕೂರಲಾ?" ಅಂದ. ಉತ್ತರಕ್ಕೆ ಕಾಯದೆ ಗೋಡೆ ಹತ್ತಿ, ಕಾಲು ಆಚೆ ಇಳಿಬಿಟ್ಟು, ಬೀದಿ ಬದಿಯ ಬೆಂಚಿನ ಮೇಲೆ ಕೂತ ಹಾಗೆ ಕೂತ.

ನಶಾತ್ ಹಿಂದೆ ಕಣ್ಣು ಮುಚ್ಚಿಕೊಂಡ.

"ಇಲ್ಲಿಗೆ ಯಾಕೆ ಬಂದ್ರಿ ಇವತ್ತು?" ಕೇಳಿದ ಲುತ್ಫಿ.

"ಕೆಲಸಕ್ಕೆ ಬಂದೆ. ಎರಡನೇ ಮಹಡೀಲಿ ಯಾರೋ ಡಾಕ್ಟರಿಗೆ ಪರೀಕ್ಷೆಯಂತೆ. ಅವರ ಮುಂದೆ ಕೂತು ಅರ್ಧ ಗಂಟೆ ಅಳಬೇಕಿತ್ತು. ಕೆಲಸ ಕಳ್ಕೊಂಡ ಗುಮಾಸ್ತನ ಪಾತ್ರ." ಆತ ಅಂಗಿಯ ಜೇಬು ಮುಟ್ಟಿಕೊಂಡ. "ಕೆಳಗೆ ಬಾಗಿಲ ಹತ್ರ ನಿಂತು ಸ್ವಲ್ಪ ಅಳು ಅಭ್ಯಾಸ ಮಾಡೋಣ ಅಂತ ಶುರು ಮಾಡಿದೆ. ಅವಳನ್ನ ಮಣ್ಣು ಮಾಡಿ ಬಂದಾಗಿಂದ ನಾನು ಅತ್ತೇ ಇರ್ಲಿಲ್ಲ. ಶುರುವಾಗಿದ್ದು ನಿಲ್ಲಲೇ ಇಲ್ಲ. ಕಾಲು ಎಲ್ಲಿಗೆ ಕರ್ಕೊಂಡು ಬಂತೋ ಬಂದುಬಿಟ್ಟೆ."

ಲುತ್ಫಿಗೆ ಈ ಮಾತು ಕಿವಿಯೊಳಗೆ ಇಳಿಯಲು ಒಂದು ಕ್ಷಣ ಬೇಕಾಯಿತು. ಇಳಿದ ಮೇಲೆ ಅವನು ಮಾಡಬಾರದ ಕೆಲಸ ಮಾಡಿದ. ಕೆಳಗೆ ನೋಡಿದ.

ಕ್ಷೌರದಂಗಡಿಯ ಬೋರ್ಡು ಬೆಂಕಿಪೊಟ್ಟಣದಷ್ಟು ಕಂಡಿತು. ಅದರ ಮುಂದೆ ನಿಂತ ಕಾರುಗಳು ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಹೋದವು. ಕೋರ್ಸು, ಪುಟ, ಅಂಕ, ದಪ್ಪ ಅಕ್ಷರ, ಎಲ್ಲ ತಲೆಯಿಂದ ಹಾರಿಹೋದವು. ಕೈ ಬೆವರಿ ಗೋಡೆಯ ಮೇಲೆ ಜಾರತೊಡಗಿತು.

"ನೋಡಿ," ಅಂದ, ಹೇಗೋ ದನಿ ಹೊರಡಿಸಿ. "ಒಂದು ಮಾತು. ಆ ಡಾಕ್ಟರು ನಾನೇ. ನೀವು ನಟನೆ ಮಾಡ್ತಿದೀರ ಅಂದ್ಕೊಂಡು ಇಲ್ಲಿ ಹತ್ತಿ ಕೂತ್ಬಿಟ್ಟೆ. ಈಗ ನಂಗೆ ತಲೆ ತಿರುಗ್ತಿದೆ. ನಂಗೆ ಇಳಿಯೋಕೆ ಬರ್ತಿಲ್ಲ."

ಆತ ಅವನನ್ನೇ ನೋಡಿದ. ಒಂದೆರಡು ಕ್ಷಣ ಇಬ್ಬರಲ್ಲಿ ಯಾರು ಬೀಳುತ್ತಾರೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಆತನ ಕೈ ಮೆಲ್ಲಗೆ ಬಂದು ಲುತ್ಫಿಯ ಕೋಟಿನ ಕಾಲರನ್ನು ಗಟ್ಟಿಯಾಗಿ ಹಿಡಿಯಿತು.

"ಕೆಳಗೆ ನೋಡಬೇಡಿ. ನನ್ನ ಮುಖ ನೋಡಿ."

"ನೋಡ್ತಿದೀನಿ."

"ಉಸಿರು ತಗೊಳ್ಳಿ. ನಿಧಾನ. ನಾನು ಮೊದಲು ಒಂದು ಕಾಲು ಒಳಗೆ ಹಾಕ್ತೀನಿ. ನೋಡಿ, ಹೀಗೆ. ಈಗ ನೀವು."

ಹೀಗೆ ಒಂದೊಂದೇ ಕಾಲು ಒಳಗೆ ಹಾಕುತ್ತ, ಸಾಯಲು ಬಂದವನು ಉಳಿಸಲು ಬಂದವನನ್ನು ತಾರಸಿಗೆ ಇಳಿಸಿದ. ಇಳಿದ ಮೇಲೆ ಇಬ್ಬರೂ ಟ್ಯಾಂಕಿಗೆ ಒರಗಿ ಕುಕ್ಕರಿಸಿ, ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಅತ್ತರು. ಉಮ್ಮ್ ಗಾಲಿಬ್ ಬಂದು ತನ್ನ ಉಣ್ಣೆಯ ಶಾಲನ್ನು ಇಬ್ಬರಿಗೂ ಸೇರಿಸಿ ಹೊದಿಸಿದಳು. ಬಾಯಿ ಮಾತ್ರ ಇನ್ನೂ ಮುಚ್ಚಿಯೇ ಇತ್ತು.

ಅವನ ಹೆಸರು ತಹ್ಸೀನ್. ಕ್ಲಿನಿಕ್ಕಿನಲ್ಲಿ ಹೀಟರಿನ ಮುಂದೆ ಕೂರಿಸಿ, ಸೇಜ್ ಎಂಬ ಸುವಾಸನೆಯ ಎಲೆ ಹಾಕಿದ ಬಿಸಿ ಚಹಾ ಕೊಟ್ಟು, ಲುತ್ಫಿ ಈ ಸಲ ಪರೀಕ್ಷೆಯ ಚಿಂತೆಯಿಲ್ಲದೆ ಕೇಳಿದ, ತಹ್ಸೀನ್ ಹೇಳಿದ. ಅವನ ತಂಗಿಗೆ ಫೋನು ಹೋಯಿತು. ಆಸ್ಪತ್ರೆಯ ಮನೋವೈದ್ಯೆ ಡಾಕ್ಟರ್ ಹನಾನ್ ಸಂಜೆ ನಾಲ್ಕಕ್ಕೆ ಕರೆದುಕೊಂಡು ಬರಲು ಹೇಳಿದರು. ಶನಿವಾರದಿಂದ ವಾರಕ್ಕೆರಡು ಸಲ ತನ್ನ ಹತ್ತಿರವೇ ಬರುವಂತೆ ಲುತ್ಫಿ ಪುಸ್ತಕದಲ್ಲಿ ಬರೆದುಕೊಂಡ.

ತಹ್ಸೀನ್ ಜೇಬಿನಿಂದ ಮಡಚಿದ ಕಾಗದ ತೆಗೆದ. ಅಂಕಪಟ್ಟಿ. ಲುತ್ಫಿ ಬೇಡ ಬೇಡ ಎನ್ನುತ್ತಿದ್ದಂತೆಯೇ ಪ್ರತಿ ಸಾಲಿಗೂ ಪೂರ್ತಿ ಅಂಕ ತುಂಬಿ, ಕೆಳಗೆ ನೂರಕ್ಕೆ ನೂರು ಎಂದು ಬರೆದು ಸಹಿ ಹಾಕಿದ. "ಇದು ದಯೆ ಅಲ್ಲ ಹಕೀಮರೇ. ಇಷ್ಟು ಚೆನ್ನಾಗಿ ಯಾರೂ ನನ್ನ ಮಾತು ಕೇಳಿರ್ಲಿಲ್ಲ."

ಬೇಡ ಬೇಡ ಎಂದವನೇ ಅದರ ಫೋಟೊ ತೆಗೆದು ತರಬೇತಿ ಕೇಂದ್ರಕ್ಕೆ ಕಳಿಸಿದ. ಎರಡು ಗಂಟೆಗೆ ಇನ್ನೂ ಐದು ನಿಮಿಷ ಇತ್ತು. ನಡೆದದ್ದನ್ನೂ ಪ್ರಾಮಾಣಿಕವಾಗಿ ಬರೆದ.

ಕೇಂದ್ರದ ಮಿಸ್ ರೂಲಾ ತಕ್ಷಣ ಫೋನು ಮಾಡಿದಳು. ಲುತ್ಫಿ ಎದ್ದು ಒಳಕೋಣೆಗೆ ಹೋದ.

"ಲುತ್ಫಿ ಅವ್ರೇ, ನೀವು ಮಾಡಿದ್ದು ಕೇಳಿ ಕಣ್ಣಲ್ಲಿ ನೀರು ಬಂತು. ಒಂದು ವಿಷಯ ಹೇಳಿ. ತಹ್ಸೀನ್ ಈಗ ನಿಮ್ಮ ರೋಗಿನಾ?"

"ಹೌದು. ಶನಿವಾರದಿಂದ ಬರ್ತಾರೆ."

"ಹಾಗಾದ್ರೆ ಈ ಅಂಕ ನಡೆಯಲ್ಲ. ರೋಗಿ ತನ್ನ ಸಮಾಲೋಚಕನಿಗೆ ಅಂಕ ಕೊಡೋ ಹಾಗಿಲ್ಲ. ಅವರು ನಿಮ್ಮ ರೋಗಿ ಅಲ್ಲ ಅಂತ ಒಂದು ಸಾಲು ಬರೆದುಕೊಡಿ, ಈಗಲೇ ಕಚೇರಿಗೆ ಕಳಿಸ್ತೀನಿ."

ಲುತ್ಫಿ ಬಾಗಿಲ ಸಂದಿಯಿಂದ ನೋಡಿದ. ತಹ್ಸೀನ್ ಎರಡೂ ಕೈಯಲ್ಲಿ ಲೋಟ ಹಿಡಿದು, ಅದು ಬಿಟ್ಟರೆ ಹಿಡಿಯಲು ಬೇರೇನೂ ಇಲ್ಲ ಎಂಬಂತೆ ಕೂತಿದ್ದ.

"ಬರೆಯೋಕಾಗಲ್ಲ," ಅಂದ ಲುತ್ಫಿ. "ಅವರು ನನ್ನ ರೋಗಿ."

"ನೀವು ಹೀಗೇ ಹೇಳ್ತೀರಿ ಅಂತ ಗೊತ್ತಿತ್ತು. ದೊಡ್ಡ ಮನಸ್ಸು ನಿಮ್ದು. ಮುಂದಿನ ಪರೀಕ್ಷೆ ಮೂರು ತಿಂಗಳಿಗೆ. ಅಲ್ಲೀವರೆಗೆ ನಿಮ್ಮ ಪರವಾನಗಿ ಇರಲ್ಲ, ಅಂದ್ರೆ ನೀವು ಯಾವ ರೋಗೀನೂ ನೋಡೋ ಹಾಗಿಲ್ಲ."

"ಶನಿವಾರ ತಹ್ಸೀನ್‌ನ?"

"ಅವರನ್ನೂ ನೋಡೋ ಹಾಗಿಲ್ಲ."

ಲುತ್ಫಿ ಸ್ವಲ್ಪ ಯೋಚಿಸಿದ. "ಅಂದ್ರೆ ಶನಿವಾರದಿಂದ ಅವರು ನನ್ನ ರೋಗಿ ಅಲ್ಲ."

"ಅಲ್ಲ."

"ರೋಗಿ ಅಲ್ಲ ಅಂದ್ಮೇಲೆ ಅವರು ಕೊಟ್ಟ ಅಂಕ ನಡೆಯುತ್ತೆ."

ಆ ಕಡೆ ಕಾಗದ ಮಗುಚುವ ಸದ್ದು ಬಹಳ ಹೊತ್ತು ಕೇಳಿತು.

"ನಡೆಯುತ್ತೆ," ಅಂದಳು ಕೊನೆಗೆ ಮಿಸ್ ರೂಲಾ. "ಆದ್ರೆ ಅಂಕ ನಡೆದ್ರೆ ನಿಮಗೆ ಪರವಾನಗಿ ಬರುತ್ತೆ. ಪರವಾನಗಿ ಬಂದ್ರೆ ಅವರು ಮತ್ತೆ ನಿಮ್ಮ ರೋಗಿ. ಆಗ ಅಂಕ ಬಿದ್ದುಹೋಗುತ್ತೆ. ನಂಗೆ ತಲೆನೋವು ಬರ್ತಿದೆ ಲುತ್ಫಿ ಅವ್ರೇ, ಫೋನ್ ಇಡ್ತೀನಿ."

ಇಟ್ಟಳು. ಲುತ್ಫಿ ಹೊರಗೆ ಬಂದ.

"ಏನಂದ್ರು ಹಕೀಮರೇ?" ತಹ್ಸೀನ್ ಗಾಬರಿಯಿಂದ ಕೇಳಿದ. "ನೂರು ಸಾಲಲಿಲ್ವಂತಾ?"

"ಸಾಲ್ತು ತಹ್ಸೀನ್, ಸ್ವಲ್ಪ ಜಾಸ್ತೀನೇ ಆಯ್ತು," ಅಂದ ಲುತ್ಫಿ, ತನ್ನ ಕೋಟನ್ನು ಬಿಚ್ಚಿ ಅವನ ಹೆಗಲಿಗೆ ಹಾಕುತ್ತ. "ಏಳಿ, ಆಸ್ಪತ್ರೆಗೆ ಹೊರಡೋಣ. ಹನಾನ್ ಡಾಕ್ಟರ ಹತ್ರ ನಂಗೂ ಒಂದು ಚೀಟಿ ಮಾಡಿಸಬೇಕು."