ಮಗ್ಗದ ಮನೆಯಲ್ಲಿ ಮೂಗ ಕಂಪ್ಯೂಟರ್

ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಆದ್ದರಿಂದ ಅದರಲ್ಲಿ ಧ್ವನಿ ಇರುವುದಿಲ್ಲ ಎಂದು ನಾನು ಎರಡು ವರ್ಷ ನಂಬಿದ್ದೆ. ಪುಕ್ಕಟೆ ಕೊಟ್ಟವರು ಚಿತ್ರ ಕೊಟ್ಟದ್ದೇ ಹೆಚ್ಚು! ಅದು ಬರೀ ಮ್ಯೂಟ್ ಆಗಿತ್ತೆಂದು ಗೊತ್ತಾದ ದಿನ ಶಪಥ ಮಾಡಿದೆ: ಇನ್ನು ಬನಹಟ್ಟಿಯಲ್ಲಿ ಯಾವ ಕಂಪ್ಯೂಟರೂ ನನ್ನೆದುರು ಮೂಗಾಗಿ ಕೂರಕೂಡದು!

ಪರೀಕ್ಷೆ ಬಂದದ್ದು ಹೆಂಡತಿ ಪೂರ್ಣಿಮಾಳ ಮೊದಲ ಆರ್ಡರಿನ ದಿನ. ಮುಧೋಳದ ಸೀರೆ ಅಂಗಡಿಯ ಸುವರ್ಣಕ್ಕ ವಿಡಿಯೋ ಕಾಲಿನಲ್ಲಿ ಸೀರೆ ನೋಡಿ, ಹಿಡಿಸಿದರೆ ಪೂರ್ಣಿಮಾಳಿಂದಲೇ ಕೊಳ್ಳುವವರಿದ್ದರು. ನೇಯುವುದನ್ನೇ ತೋರಿಸೋಣವೆಂದು ನಾನು ಸಕ್ಕರೆ ಕಾರ್ಖಾನೆಯ ಆಫೀಸಿಗೆ ರಜೆ ಹಾಕಿ, ಕಂಪ್ಯೂಟರನ್ನು ಮಲಗುವ ಖೋಲಿಯಿಂದ ಎತ್ತಿ ಪಾವರ್‌ಲೂಮುಗಳ ನಡುವೆ ಪ್ರತಿಷ್ಠಾಪಿಸಿದೆ. ಮಗ್ಗ ನಿಲ್ಲಿಸಲೇನು ಎಂದು ಅಪ್ಪ ಕೈಸನ್ನೆಯಲ್ಲೇ ಕೇಳಿದ. ಬೇಡವೆಂದು ಕೈಯಾಡಿಸಿದೆ.

ಸುವರ್ಣಕ್ಕನ ಮುಖ ಬಂತು. ತುಟಿಗಳು ಅಲ್ಲಾಡಿದವು. ಧ್ವನಿ ಇಲ್ಲ!

“ಏನಾತ್ರೀ?” ಪೂರ್ಣಿಮಾ ನನ್ನ ಕಿವಿಗೇ ಬಾಯಿಟ್ಟು ಚೀರಿದಳು.

“ಎರಡ ನಿಮಿಷ!”

ಪರದೆಯಲ್ಲಿ ಧ್ವನಿಯ ಮಿಕ್ಸರ್ ತೆರೆದು ಎಲ್ಲ ಕಡ್ಡಿಗಳನ್ನೂ ತುದಿಗೇರಿಸಿದೆ. ಧ್ವನಿಯ ಸರ್ವಿಸನ್ನು ಮೂರು ಸಲ ಕೊಂದು ಮೂರು ಸಲ ಬದುಕಿಸಿದೆ, ಯಮನಿಗೂ ಗೊಂದಲವಾಗಿರಬೇಕು. ಧ್ವನಿಯನ್ನು ಟಿವಿಯ ಕಡೆ ಕಳಿಸಿ, ಟಿವಿಯನ್ನೇ ಜೋಡಿಸಿಲ್ಲವೆಂದು ನೆನಪಾಗಿ ವಾಪಸ್ ಕರೆಸಿದೆ. ವಾಲ್ಯೂಮ್ ನೂರೈವತ್ತು ಪರ್ಸೆಂಟ್! ಪರದೆಯ ಮೇಲೆ ಹಸಿರು ಪಟ್ಟಿ ಕುಣಿಯುತ್ತಿದೆ. ಅಂದರೆ ಧ್ವನಿ ಹೋಗುತ್ತಿದೆ. ಎಲ್ಲಿಗೆ?

“ನಿನ್ನಿ ಮಲಗೂ ಖೋಲ್ಯಾಗ ಛಲೋ ಕೇಳತಿತ್ತಲ್ರೀ?”

“ಲಿನಕ್ಸ್ ಹಂಗ, ಜಾಗಾ ಬದಲಾದ್ರ ಮುನಿಸ್ಕೋತೈತಿ!”

“ಅಕ್ಕಾರು ಏನೋ ಹೇಳಾಕತ್ತಾರು!”

ನಮಗೆ ಕೇಳದ ಮೇಲೆ ಸುವರ್ಣಕ್ಕನಿಗೂ ಕೇಳದು ಎಂಬುದು ನನ್ನ ನ್ಯಾಯ. ಮಗ್ಗದ ಮನೆಯಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು. ಮೈಕು ನನ್ನ ಗದ್ದದ ಕೆಳಗೇ ಇತ್ತು.

“ಹೇಳ್ಲಿ ಬಿಡ! ರೇಟ್ ಇಳಸ್ರಿ ಅನ್ನಾಕತ್ತಿರಬೇಕು. ಅಕಿಗೇನ್ ತಿಳೀತೈತಿ ಸೀರಿ? ಹಸರ ಸೀರಿ, ಹಸರ ಕುಬಸ, ಕೆಂಪ ಕುಂಕಮಾ! ಮೆಣಸಿನಗಿಡ ಕುಂತಂಗ ಕುಂತಾಳ!”

ಕರೆಂಟ್ ಹೋಯಿತು. ಮಗ್ಗಗಳು ನಿಂತವು. ಯುಪಿಎಸ್ ಮೇಲಿದ್ದ ಕಂಪ್ಯೂಟರ್ ನಿಲ್ಲಲಿಲ್ಲ.

“ಮಗ್ಗಾ ಬಂದ್ ಮಾಡ್ರೀ!” ಸ್ಪೀಕರ್ ಸಿಡಿಲಿನಂತೆ ಗರ್ಜಿಸಿತು. ಅಪ್ಪನ ಕೈಯಲ್ಲಿದ್ದ ಲಾಳಿ ಕೆಳಗೆ ಬಿತ್ತು. “ಹತ್ತ ಸಲ ಹೇಳೇನಿ, ಮಗ್ಗಾ ಬಂದ್ ಮಾಡ್ರಿ ಅಂತ!”

ಏನು ಮಾಡಲಿ? ನಮ್ಮಂಥ ಮನೆಯಲ್ಲಿ ಹುಟ್ಟಿದವರಿಗೆ ಮಗ್ಗದ ಸದ್ದು ಸದ್ದೇ ಅಲ್ಲ. ಅದು ನಿಂತಾಗ ಮಾತ್ರ ಕೇಳಿಸುತ್ತದೆ.

ಪೂರ್ಣಿಮಾ ನನ್ನನ್ನು ನೋಡಿದಳು. ನಾನು ಮೈಕಿಗೆ ಬಾಗಿದೆ.

“ಅಕ್ಕಾರ... ನನ್ನ ಮಾತು ನಿಮಗ ಕೇಳಿಸ್ತೇನ್ರೀ?”

“ಮೆಣಸಿನಗಿಡದ ತನಕಾ ಎಲ್ಲಾ ಕೇಳಿಸ್ತು.”

“ಹಂಗಾದ್ರ... ಆರ್ಡರ್ ಏನ್ ಮಾಡ್ತೀರ್ರೀ?”

“ಸೀರಿ ಪೂರ್ಣಿಮಾನ ಕಡೆ ತಗೋತೀನಿ. ನೀವು ಕಂಪ್ಯೂಟರಿನ ಬಾಯಿ ಸರಿ ಮಾಡಬ್ಯಾಡ್ರಿ, ನಿಮ್ಮ ಬಾಯಿ ಬಂದ್ ಮಾಡ್ರಿ.”